ಗೋದಾಮಿಗೆ ಮೋಟಾರಿನ ಸೊಂಟಪಟ್ಟಿ ಬರಲಿದೆಯಂತೆ: ಹಮಾಲಿಗಳು ಒಪ್ಪಬೇಕೇ?

ಗೋದಾಮಿನ ಲೆಕ್ಕಿಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಗೋದಾಮಿನಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮಲ್ಲಿ ಇಪ್ಪತ್ತೆರಡು ಮಂದಿ ಹಮಾಲಿಗಳಿದ್ದಾರೆ. ಲಾರಿಯಿಂದ ಐವತ್ತು ಕೆ.ಜಿ. ಚೀಲಗಳನ್ನು ಇಳಿಸಿ ಒಳಗೆ ಒಟ್ಟುವುದು, ಬೇಡಿಕೆ ಬಂದಾಗ ಮತ್ತೆ ಲಾರಿಗೆ ಹೇರುವುದು ಅವರ ಕೆಲಸ. ಕೂಲಿ ಚೀಲದ ಲೆಕ್ಕದಲ್ಲಿ. ನಲವತ್ತು ದಾಟಿಯೂ ಸೊಂಟ ನೆಟ್ಟಗಿರುವ ಹಮಾಲಿಯನ್ನು ನಾನು ನಮ್ಮಲ್ಲಿ ಕಂಡಿಲ್ಲ.

ಕಳೆದ ವಾರ ಮಾಲೀಕರು ಎಲ್ಲರನ್ನೂ ಕರೆದು ಒಂದು ವಿಡಿಯೊ ತೋರಿಸಿದರು. ಎದೆ, ಸೊಂಟ ಮತ್ತು ತೊಡೆಗೆ ಪಟ್ಟಿ ಬಿಗಿದುಕೊಂಡ ಕಾರ್ಮಿಕನೊಬ್ಬ ಬಾಗಿ ಪೆಟ್ಟಿಗೆ ಎತ್ತುತ್ತಾನೆ. ಏಳುವಾಗ ಸೊಂಟದ ಎರಡೂ ಬದಿಯಲ್ಲಿರುವ ಮೋಟಾರುಗಳು ಅವನ ಬೆನ್ನನ್ನು ಮೇಲಕ್ಕೆ ಎಳೆಯುತ್ತವೆ. ಇದಕ್ಕೆ ಎಕ್ಸೋಸ್ಕೆಲಿಟನ್ ಎನ್ನುತ್ತಾರಂತೆ. ನಾಲ್ಕು ತರಿಸಿ ನೋಡೋಣ ಎಂದು ಮಾಲೀಕರು ಹೇಳಿದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ಅದೇ ಉಸಿರಿನಲ್ಲಿ, "ಇದು ಬಂದ ಮೇಲೆ ಒಂದು ಲಾರಿಗೆ ಆರು ಜನ ಏಕೆ, ನಾಲ್ಕು ಜನ ಸಾಕು" ಎಂದೂ ಸೇರಿಸಿದರು. ಆಗ ಯಾರೂ ಮಾತನಾಡಲಿಲ್ಲ.

ಈಗ ಹಮಾಲಿಗಳು ನನ್ನನ್ನು ಕೇಳುತ್ತಿದ್ದಾರೆ. ಇದು ನಿಜವಾಗಿ ಸೊಂಟ ಉಳಿಸುತ್ತದೆಯೇ, ಮೈಗೆ ಬೇರೆ ತೊಂದರೆ ಇದೆಯೇ, ಒಪ್ಪುವ ಮೊದಲು ಏನು ಕೇಳಬೇಕು? ಬಲ್ಲವರು ತಿಳಿಸಬೇಕೆಂದು ವಿನಂತಿ.

ತಳ್ಳುಗಾಡಿ ಪಕ್ಷ

ಚೀಲ ಏರಿಸುವ ಬೆಲ್ಟ್ ಯಂತ್ರ ಒಂದನ್ನು ತಂದರೆ ಮನುಷ್ಯನಿಗೆ ಮೋಟಾರು ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಭಾರವನ್ನು ಚಕ್ರದ ಮೇಲೆ ಇಡಬೇಕೇ ಹೊರತು ಬೆನ್ನೆಲುಬಿನ ಮೇಲಲ್ಲ.

ಬೆಳ್ಳಿತೆರೆ

ಇಷ್ಟು ಅನುಮಾನ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಅಮೆರಿಕದ ಸೈನಿಕರು ಇಂತಹ ಕವಚ ಧರಿಸಿ 90 ಕೆ.ಜಿ. ಹೊತ್ತು ಓಡುತ್ತಾರೆ. ಅದರ ಮುಂದೆ ಐವತ್ತು ಕೆ.ಜಿ. ಚೀಲ ಯಾವ ಲೆಕ್ಕ?

ಯಂತ್ರಪಾಠಿ (ದಾವಣಗೆರೆ)

ಬೆಳ್ಳಿತೆರೆ ಅವರು ಹೇಳಿದ ಸಾಧನಕ್ಕೂ ಲೆಕ್ಕಿಗರು ನೋಡಿದ ಪಟ್ಟಿಗೂ ಬಹಳ ಅಂತರವಿದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವನು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮನುಷ್ಯನ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಪೂರ್ಣದೇಹದ ಕವಚಕ್ಕಾಗಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1965ರಲ್ಲಿಯೇ 'ಹಾರ್ಡಿಮ್ಯಾನ್' ಎಂಬ ಯೋಜನೆ ಆರಂಭಿಸಿತ್ತು. ಸುಮಾರು 680 ಕೆ.ಜಿ. ಭಾರವನ್ನು ಸಲೀಸಾಗಿ ಎತ್ತುವುದು ಅದರ ಗುರಿ, ಆ ಯಂತ್ರದ ಸ್ವಂತ ತೂಕವೂ ಹೆಚ್ಚುಕಡಿಮೆ ಅಷ್ಟೇ. ಇಡೀ ಯಂತ್ರವನ್ನು ಚಾಲೂ ಮಾಡಿದಾಗ ಅದು ಹತೋಟಿ ಮೀರಿ ಅದುರಾಡುತ್ತಿದ್ದುದರಿಂದ ಒಳಗೆ ಮನುಷ್ಯನನ್ನು ನಿಲ್ಲಿಸಿ ಪೂರ್ತಿಯಾಗಿ ನಡೆಸುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಒಂದು ತೋಳು ಮಾತ್ರ. ಬೆನ್ನಿಗೆ ಕಟ್ಟಿದ ಮೋಟಾರು ಮನುಷ್ಯನ ಇಂಗಿತವನ್ನು ತಪ್ಪಾಗಿ ಗ್ರಹಿಸಿದರೆ ಅವನು ಒಳಗೇ ಸಿಕ್ಕಿಕೊಂಡಿರುತ್ತಾನೆ, ಕೈಬಿಟ್ಟು ಹಿಂದೆ ಸರಿಯಲು ಅದು ಕ್ರೇನ್ ಅಲ್ಲ.

ಇನ್ನೊಂದು ತೊಡಕು ನಮ್ಮ ಮೈಯೇ. ಮೊಣಕಾಲನ್ನು ಬಾಗಿಲಿನ ತಿರುಗಣಿಯಂತೆ ಭಾವಿಸಿ ಯಂತ್ರ ಮಾಡುತ್ತಾರೆ, ಆದರೆ ಕಾಲು ಮಡಿಸಿದಂತೆಲ್ಲ ಮೊಣಕಾಲು ತಿರುಗುವ ಬಿಂದು ಜಾರುತ್ತಾ ಹೋಗುತ್ತದೆ. ಯಂತ್ರದ ಕೀಲು ಜಾರುವುದಿಲ್ಲ. ಈ ಹೊಂದಿಕೆ ತಪ್ಪಿದಲ್ಲೆಲ್ಲ ಪಟ್ಟಿ ಚರ್ಮವನ್ನು ಉಜ್ಜುತ್ತದೆ.

ಲೆಕ್ಕಿಗರೇ, ನಿಮ್ಮ ಮಾಲೀಕರು ತೋರಿಸಿದ್ದು ಬಲ ಹೆಚ್ಚಿಸುವ ಕವಚವಲ್ಲ. ಅದು ಬಾಗಿ ಏಳುವಾಗ ಸೊಂಟದ ಸ್ನಾಯುಗಳಿಗೆ ಬೀಳುವ ಹೊರೆಯಲ್ಲಿ ಒಂದಿಷ್ಟನ್ನು ತಾನು ತೆಗೆದುಕೊಳ್ಳುವ ಸಾಧನ. ಜರ್ಮನಿಯಲ್ಲಿ ತಯಾರಾದ ಕ್ರೇ ಎಕ್ಸ್ ಎಂಬ ಇಂತಹ ಒಂದು ಸಾಧನ ಒಂದು ಬಾರಿ ಎತ್ತುವಾಗ 30 ಕೆ.ಜಿ.ಯವರೆಗೆ ನೆರವಾಗುತ್ತದೆ ಎಂದು ತಯಾರಕರು ಹೇಳುತ್ತಾರೆ. ಆದರೆ ಚೀಲವನ್ನು ಹಿಡಿದಿರುವುದು ನಿಮ್ಮ ಕೈಗಳೇ. ಅದರ ತೂಕ ಭುಜ, ಮೊಣಕಾಲು, ಹಿಮ್ಮಡಿಗಳ ಮೂಲಕವೇ ನೆಲಕ್ಕೆ ಇಳಿಯುತ್ತದೆ.

ನಿವೃತ್ತ ಹವಾಲ್ದಾರ್ (ಕೊಡಗು)

ಬೆಳ್ಳಿತೆರೆ ಅವರೇ, ತಾವು ಕಂಡದ್ದು ಪ್ರಚಾರದ ಚಿತ್ರವಿರಬೇಕು. 90 ಕೆ.ಜಿ. ಹೊರುವ 'ಹಲ್ಕ್' ಎಂಬ ಕವಚವನ್ನು ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ್ದು ನಿಜ, ಆದರೆ ಅದು ಸೈನಿಕರ ನಿತ್ಯದ ಉಡುಪಾಗಲಿಲ್ಲ. ಅಮೆರಿಕದ ಸೇನೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹದೇ ಇನ್ನೊಂದು ಮಾದರಿಯನ್ನು ಸೈನಿಕರಿಗೆ ಕಟ್ಟಿ, ಹೊರೆಯೊಂದಿಗೆ ನಡೆಸಿ ಅಳೆದಾಗ ಅವರ ಆಮ್ಲಜನಕದ ಬಳಕೆ ಹೆಚ್ಚಿತ್ತು. ಅಂದರೆ ದಣಿವು ಇಳಿಯಬೇಕಾದಲ್ಲಿ ಏರಿತು. 2013ರಲ್ಲಿ ಅಬ್ಬರದಿಂದ ಘೋಷಿಸಿದ 'ಟ್ಯಾಲೋಸ್' ಎಂಬ ಯುದ್ಧಕವಚದ ಯೋಜನೆಯೂ 2019ರಲ್ಲಿ ಪೂರ್ಣ ಕವಚವಿಲ್ಲದೆಯೇ ಮುಗಿಯಿತು.

ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕೂಡ ಈ ವಿಷಯದಲ್ಲಿ ಆಸಕ್ತಿ ತೋರಿ 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಸಿತು. ನಾನು ಚಳಿಯ ಎತ್ತರದಲ್ಲಿ ನಾಲ್ಕು ವರ್ಷ ಕಳೆದವನು. ಅಲ್ಲಿ ಬ್ಯಾಟರಿಯನ್ನು ಎದೆಯ ಬಿಸಿಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆವು, ಇಲ್ಲದಿದ್ದರೆ ಬೆಳಿಗ್ಗೆ ರೇಡಿಯೊ ಮಾತಾಡುತ್ತಿರಲಿಲ್ಲ. ಬ್ಯಾಟರಿ ಸತ್ತ ಕವಚ ಮತ್ತೊಂದು ಹೊರೆ. ಆದ್ದರಿಂದ ಮೊದಲ ಪ್ರಶ್ನೆ: ಅದು ಕೆಟ್ಟು ನಿಂತಾಗ ಒಬ್ಬನೇ ಬಿಚ್ಚಿಕೊಳ್ಳಬಹುದೇ?

ಬೆಳ್ಳಿತೆರೆ

ಓಡುತ್ತಾರೆ ಎಂದದ್ದು ತಪ್ಪು, ಒಪ್ಪಿದೆ. ಆದರೆ ಎಲ್ಲ ಹೊಸ ಯಂತ್ರಗಳೂ ಮೊದಲು ಸೋತೇ ಗೆದ್ದಿವೆಯಲ್ಲವೇ?

ಕೀಲುಮೂಳೆ (ಫಿಸಿಯೋಥೆರಪಿಸ್ಟ್, ಮೈಸೂರು)

ಚಿಕಿತ್ಸೆ ಮಾಡುವವಳಾಗಿ ಮೊದಲು ಒಂದು ಸರಳ ಲೆಕ್ಕ. ಬೆನ್ನಿನ ಸ್ನಾಯು ಬೆನ್ನೆಲುಬಿನಿಂದ ಸುಮಾರು 5 ಸೆಂ.ಮೀ. ಹಿಂದಿದೆ. ನೀವು ಬಾಗಿ 20 ಕೆ.ಜಿ. ಪೆಟ್ಟಿಗೆಯನ್ನು ಬೆನ್ನೆಲುಬಿನಿಂದ 40 ಸೆಂ.ಮೀ. ಮುಂದೆ ಹಿಡಿದರೆ, ಏತದ ನಿಯಮದಂತೆ ಆ ಸ್ನಾಯು ಎಂಟು ಪಟ್ಟು, ಅಂದರೆ 160 ಕೆ.ಜಿ.ಯಷ್ಟು ಬಲದಿಂದ ಎಳೆಯಬೇಕು. ಬಾಗಿದ ಮೈಯ ಸ್ವಂತ ತೂಕ ಇದರ ಮೇಲೆ ಬೇರೆ. ಈ ಎಳೆತವೆಲ್ಲ ಸೊಂಟದ ಡಿಸ್ಕುಗಳನ್ನು, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಗಳನ್ನು, ಅದುಮುತ್ತದೆ. ಹೊರಗಿನ ಪಟ್ಟಿಯ ಎಳೆತ ಬೆನ್ನೆಲುಬಿನಿಂದ ಇನ್ನಷ್ಟು ದೂರದಲ್ಲಿರುವುದರಿಂದ ಕಡಿಮೆ ಬಲದಲ್ಲೇ ಹೆಚ್ಚು ಸಹಾಯವಾಗುತ್ತದೆ. ಸಿದ್ಧಾಂತ ಗಟ್ಟಿಯಾಗಿಯೇ ಇದೆ.

2016ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಲೇಖನ 26 ಬಗೆಯ ಕೈಗಾರಿಕಾ ಸಾಧನಗಳನ್ನು ನೋಡಿತ್ತು. ಮೋಟಾರಿಲ್ಲದ ಪಟ್ಟಿಗಳೂ ಎತ್ತುವಾಗ ಮತ್ತು ಬಾಗಿ ನಿಂತಾಗ ಬೆನ್ನಿನ ಸ್ನಾಯುಗಳ ಶ್ರಮವನ್ನು ಶೇ 10ರಿಂದ 40ರವರೆಗೆ ತಗ್ಗಿಸಿದ್ದವು. ಆದರೆ ಎದೆ, ತೊಡೆಗಳ ಮೇಲೆ ಒತ್ತಡ ಮತ್ತು ಇರುಸುಮುರುಸು ಉಳಿದೇ ಇತ್ತು. ಸ್ನಾಯುವಿನ ಶ್ರಮ ಒಂದು ಗಂಟೆ ತಗ್ಗಿತು ಎನ್ನುವುದೂ ಹತ್ತು ವರ್ಷದ ನಂತರ ಡಿಸ್ಕ್ ಜಾರಲಿಲ್ಲ ಎನ್ನುವುದೂ ಒಂದೇ ಅಲ್ಲ. ಎರಡನೆಯದನ್ನು ಹೇಳಲು ವರ್ಷಗಟ್ಟಲೆ ಕಾಯಬೇಕು. ಮಾರುವವರು ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಬೆಲೆ ಕೇಳುತ್ತಾರೆ.

ಹಳೇ ಹಮಾಲಿ (ಬ್ಯಾಡಗಿ)

ನಾನು ಇಪ್ಪತ್ತೇಳು ವರ್ಷ ಚೀಲ ಹೊತ್ತು ಈಗ ಸಂಘದ ಕೆಲಸ ನೋಡುತ್ತಿದ್ದೇನೆ. ಇದನ್ನು ನನ್ನ ಮಗಳು ಬರೆದುಕೊಡುತ್ತಿದ್ದಾಳೆ. ಇಲ್ಲಿ ತಿಳಿದವರು ಬಹಳ ಒಳ್ಳೆಯ ಮಾತುಗಳನ್ನು ಹೇಳಿದ್ದೀರಿ, ಆದರೆ ಒಂದು ಮಾತನ್ನು ಯಾರೂ ಕೇಳಲಿಲ್ಲ. ಹಮಾಲಿ ಚೀಲವನ್ನು ಎಲ್ಲಿ ಹೊರುತ್ತಾನೆ?

ವಿಡಿಯೊದಲ್ಲಿರುವವನು ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮುಂದೆ ಹಿಡಿಯುತ್ತಾನೆ. ನಾವು ಹಾಗೆ ಹೊರುವುದಿಲ್ಲ. ಇಬ್ಬರು ಎತ್ತಿಕೊಡುತ್ತಾರೆ, ಹೊರುವವನು ಬೆನ್ನು ಕೊಟ್ಟು ನಿಲ್ಲುತ್ತಾನೆ, ಚೀಲ ಕತ್ತಿನ ಬುಡದಿಂದ ಬೆನ್ನಿನ ಮೇಲೆ ಕೂರುತ್ತದೆ. ನೀವು ಹೇಳುವ ಯಂತ್ರ ಕೂರುವುದೂ ಅದೇ ಬೆನ್ನಿನ ಮೇಲೆ. ಬ್ಯಾಟರಿಯ ಮೇಲೆ ಚೀಲ ಇಡುವುದೋ, ಚೀಲದ ಮೇಲೆ ಬ್ಯಾಟರಿ ಇಡುವುದೋ?

ಯಂತ್ರಪಾಠಿ

ಅಜ್ಜಾರ ಮಾತಿಗೆ ಕೈಮುಗಿದೆ. ನಾನು ಒಂದು ಪುಟ ಬರೆದರೂ ಇದು ಹೊಳೆದಿರಲಿಲ್ಲ.

ಕೀಲುಮೂಳೆ

ನನಗೂ ಹೊಳೆದಿರಲಿಲ್ಲ. ಹಿರಿಯರು ಹೇಳಿದಂತೆ ಬೆನ್ನಿನ ಮೇಲೆ ಹೊತ್ತಾಗ ಭಾರ ಬೆನ್ನೆಲುಬಿಗೆ ಹತ್ತಿರವಿರುತ್ತದೆ, ಆದ್ದರಿಂದ ನಾನು ಮೇಲೆ ಹೇಳಿದ ಎಂಟು ಪಟ್ಟಿನ ಲೆಕ್ಕ ಹೊರುವವನಿಗೆ ಅನ್ವಯಿಸುವುದಿಲ್ಲ. ಅವನ ತೊಂದರೆ ಕತ್ತು, ಮೊಣಕಾಲು ಮತ್ತು ನೇರವಾದ ಅದುಮುವಿಕೆ. ಆ ಲೆಕ್ಕ ಅನ್ವಯಿಸುವುದು ನೆಲದಿಂದ ಎತ್ತಿಕೊಡುವ ಇಬ್ಬರಿಗೆ. ಸೊಂಟಪಟ್ಟಿ ಯಾರಿಗಾದರೂ ಬೇಕಿದ್ದರೆ ಅದು ಅವರಿಗೆ.

ಕನ್ನಡಪದ

ಎಕ್ಸೋಸ್ಕೆಲಿಟನ್ ಎಂಬುದಕ್ಕೆ 'ಹೊರಗೂಡು' ಎನ್ನಬಾರದೇಕೆ? ಏಡಿಗೆ ಇರುವುದೂ ಅದೇ ಅಲ್ಲವೇ?

ನಿವೃತ್ತ ಹವಾಲ್ದಾರ್

ಏಡಿಯ ಗೂಡಿಗೆ ಚಾರ್ಜರ್ ಬೇಕಿಲ್ಲ.

ಗಾಲಿಕುರ್ಚಿಯಿಂದ (ಬೆಂಗಳೂರು)

ಎಲ್ಲರೂ ದುಡಿಮೆಯ ಮಾತನ್ನೇ ಆಡುತ್ತಿರುವುದರಿಂದ ಇನ್ನೊಂದು ಬದಿಯನ್ನು ಹೇಳುತ್ತೇನೆ, ಏಕೆಂದರೆ ಕೊನೆಗೆ ಲೆಕ್ಕಿಗರ ಪ್ರಶ್ನೆಗೂ ಅದು ಸಂಬಂಧಿಸುತ್ತದೆ. ಒಂಬತ್ತು ವರ್ಷಗಳ ಹಿಂದೆ ಅಪಘಾತದಲ್ಲಿ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಒಂದು ಪುನಶ್ಚೇತನ ಕೇಂದ್ರದಲ್ಲಿ ನಡಿಗೆಯ ಯಂತ್ರವನ್ನು ಹನ್ನೆರಡು ಬಾರಿ ಕಟ್ಟಿಕೊಂಡಿದ್ದೇನೆ. ಮೊದಲ ದಿನ ಎದ್ದು ನಿಂತಾಗ ನನ್ನ ತಮ್ಮ ನನಗಿಂತ ಕುಳ್ಳ ಎಂಬುದು ನೆನಪಾಯಿತು. ಮರೆತೇ ಹೋಗಿತ್ತು.

ಆದರೆ ಇದು ಗಾಲಿಕುರ್ಚಿಗೆ ಬದಲಿ ಅಲ್ಲ. ಎರಡೂ ಕೈಯಲ್ಲಿ ಊರುಗೋಲು ಬೇಕು, ಪಕ್ಕದಲ್ಲಿ ಒಬ್ಬರು ಬೇಕು, ವೇಗ ಬಹಳ ನಿಧಾನ. ರೀವಾಕ್ ಎಂಬ ಪ್ರಸಿದ್ಧ ಸಾಧನವನ್ನು ರೂಪಿಸಿದ ಇಸ್ರೇಲಿನ ಅಮಿತ್ ಗಾಫರ್ ಅವರ ಕೈಗಳಿಗೂ ಪಾರ್ಶ್ವವಾಯು ತಟ್ಟಿದ್ದುದರಿಂದ ಅವರು ತಮ್ಮದೇ ಯಂತ್ರವನ್ನು ಬಳಸಲಾಗಲಿಲ್ಲ. ವರ್ಷಗಟ್ಟಲೆ ಭಾರ ಬೀಳದ ಕಾಲಿನ ಮೂಳೆಗಳು ಟೊಳ್ಳಾಗಿರುತ್ತವೆ, ಯಂತ್ರ ತಪ್ಪಾಗಿ ತಿರುಗಿಸಿದರೆ ಮುರಿಯಬಹುದು. ಸ್ಪರ್ಶವಿಲ್ಲದ ಚರ್ಮದ ಮೇಲೆ ಪಟ್ಟಿ ಉಜ್ಜಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಮೂಳೆಯ ಸಾಂದ್ರತೆ ಪರೀಕ್ಷಿಸುತ್ತಾರೆ.

ಲೆಕ್ಕಿಗರಿಗೆ ಬೇಕಾದ ಮಾತು ಇದು. 2024ರಲ್ಲಿ ಅಮೆರಿಕದಲ್ಲಿ ಕುದುರೆ ಜೂಜಿನ ಮಾಜಿ ಸವಾರರೊಬ್ಬರು ವರ್ಷಗಳಿಂದ ಬಳಸುತ್ತಿದ್ದ ಇಂತಹ ಸಾಧನ ಒಂದು ಸಣ್ಣ ಬಿಡಿಭಾಗದ ದೋಷದಿಂದ ನಿಂತುಹೋಯಿತು. ಐದು ವರ್ಷಕ್ಕಿಂತ ಹಳೆಯದಾದ್ದರಿಂದ ದುರಸ್ತಿ ಮಾಡುವುದಿಲ್ಲ ಎಂದು ತಯಾರಕರು ಹೇಳಿದರು. ಸುದ್ದಿಯಾದ ಮೇಲೆ ಸರಿಹೋಯಿತು. ಲಕ್ಷಾಂತರ ರೂಪಾಯಿಯ ಕಾಲುಗಳು ಒಂದು ತಂತಿಗಾಗಿ ಮೂಲೆ ಸೇರಿದ್ದವು. ನಿಮ್ಮ ಗೋದಾಮಿನ ನಾಲ್ಕು ಪಟ್ಟಿ ಕೆಟ್ಟಾಗ ಹುಬ್ಬಳ್ಳಿಯಲ್ಲಿ ಯಾರು ರಿಪೇರಿ ಮಾಡುತ್ತಾರೆ?

ತಳ್ಳುಗಾಡಿ ಪಕ್ಷ

ಮೇಡಂ, ಇಷ್ಟು ದುಬಾರಿ ಕಾಲುಗಳಿಗಿಂತ ಕಚೇರಿಗಳಿಗೆ ಇಳಿಜಾರು ದಾರಿ ಮಾಡಿಸಿದರೆ ಸಾಕಲ್ಲವೇ?

ಗಾಲಿಕುರ್ಚಿಯಿಂದ

ಇಳಿಜಾರು ದಾರಿ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಇಷ್ಟು ಸಾಕು' ಎನ್ನುವುದನ್ನು ನಡೆಯಬಲ್ಲವರು ನನ್ನ ಪರವಾಗಿ ತೀರ್ಮಾನಿಸಬಾರದು.

ತಳ್ಳುಗಾಡಿ ಪಕ್ಷ

ನಿಜ. ಕ್ಷಮೆ ಇರಲಿ.

ಪೂರ್ವದಿಕ್ಕು (ಜಪಾನಿನಿಂದ)

ನಾನಿರುವ ದೇಶದಲ್ಲಿ ಎರಡು ದಾರಿಗಳು ಕಾಣುತ್ತವೆ. ಒಂದು, ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಂಕಾಯ್ ಅವರು ರೂಪಿಸಿದ 'ಹ್ಯಾಲ್'. ಮೆದುಳು ಸ್ನಾಯುವಿಗೆ ಆಜ್ಞೆ ಕಳಿಸುವಾಗ ಚರ್ಮದ ಮೇಲೆ ಮೂಡುವ ಸೂಕ್ಷ್ಮ ವಿದ್ಯುತ್ತನ್ನು ಓದಿ ಅದು ಮೋಟಾರನ್ನು ತಿರುಗಿಸುತ್ತದೆ. 2015ರಲ್ಲಿ ಅದರ ಕಾಲಿನ ಮಾದರಿಗೆ ಇಲ್ಲಿ ವೈದ್ಯಕೀಯ ಸಾಧನವೆಂದು ಮನ್ನಣೆ ಸಿಕ್ಕಿತು.

ಇನ್ನೊಂದು ಬಹಳ ಸರಳ. 'ಮಸಲ್ ಸೂಟ್' ಎಂಬ ಸಾಧನದಲ್ಲಿ ಬ್ಯಾಟರಿಯೇ ಇಲ್ಲ. ಕೈಪಂಪಿನಿಂದ ಗಾಳಿ ತುಂಬಿದರೆ ರಬ್ಬರಿನ ಕೃತಕ ಸ್ನಾಯುಗಳು ಬಿಗಿದುಕೊಂಡು ಬಾಗಿದವರನ್ನು ಮೇಲೆತ್ತುತ್ತವೆ. 2019ರಲ್ಲಿ ಬಂದ ಮಾದರಿ ನಾಲ್ಕು ಕೆ.ಜಿ.ಗಿಂತ ಹಗುರ. ನಮ್ಮ ಪಕ್ಕದ ಹೊಲದ ಎಪ್ಪತ್ತು ದಾಟಿದ ಅಜ್ಜ ಮೂಲಂಗಿ ಕೀಳುವ ಕಾಲದಲ್ಲಿ ಅದನ್ನು ತೊಡುತ್ತಾರೆ; ಬೇಸಿಗೆಯಲ್ಲಿ ಮಾತ್ರ ಮೊಳೆಗೆ ತೂಗುಹಾಕಿರುತ್ತಾರೆ. ಕೇಳಿದರೆ ಬೆವರು ಎನ್ನುತ್ತಾರೆ. ಹುಬ್ಬಳ್ಳಿಯ ಏಪ್ರಿಲ್ ನೆನೆದು ಇದನ್ನು ಹೇಳಬೇಕೆನಿಸಿತು.

ಯಂತ್ರಪಾಠಿ

ಪೂರ್ವದಿಕ್ಕು ಅವರ ಮಾತಿಗೆ ಪೂರಕವಾಗಿ: 2015ರಲ್ಲಿ ಅಮೆರಿಕದ ಸಂಶೋಧಕರು ಬರೀ ಸ್ಪ್ರಿಂಗ್ ಮತ್ತು ಪುಟ್ಟ ಕ್ಲಚ್ ಬಳಸಿದ ಪಾದದ ಸಾಧನದಿಂದ ನಡಿಗೆಯ ಶಕ್ತಿವ್ಯಯವನ್ನು ಸುಮಾರು ಶೇ 7ರಷ್ಟು ಇಳಿಸಿದರು. ಕೋಟಿಗಟ್ಟಲೆ ಸುರಿದ ಮೋಟಾರಿನ ಕವಚಗಳು ದಣಿವನ್ನು ಹೆಚ್ಚಿಸುತ್ತಿದ್ದಾಗ ಇದು ಸಾಧ್ಯವಾಯಿತು. ಮೋಟಾರಿದ್ದರೆ ಮಾತ್ರ ಮುಂದುವರಿದದ್ದು ಎಂಬ ಭ್ರಮೆಯನ್ನು ಮಾಲೀಕರು ಬಿಡಲಿ. ಎತ್ತಿಕೊಡುವ ಇಬ್ಬರಿಗೆ ಮೋಟಾರಿಲ್ಲದ ಪಟ್ಟಿಯೇ ಸಾಕಾಗಬಹುದು.

ಹಳೇ ಹಮಾಲಿ

ಮಾಸ್ತರರೇ, ಪಟ್ಟಿ ಯಾವುದೇ ಇರಲಿ, ನನ್ನ ಹೆದರಿಕೆ ಬೇರೆ. ಹಿಂದೆ ನೂರು ಕೆ.ಜಿ. ಚೀಲ ಹೊರುತ್ತಿದ್ದೆವು. ಜಗಳವಾಡಿ ಐವತ್ತಕ್ಕೆ ಇಳಿಸಿಕೊಂಡಿದ್ದೇವೆ. ಯಂತ್ರ ಮೂವತ್ತು ಕೆ.ಜಿ. ಕಳೆಯುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ, ನಾಳೆ ಚೀಲ ಎಂಬತ್ತಾಗುತ್ತದೆ. ಯಂತ್ರ ಕೆಟ್ಟ ದಿನ ಆ ಎಂಬತ್ತು ಯಾರ ಬೆನ್ನಿಗೆ?

ಯಂತ್ರಪಾಠಿ

ಅದು ಯಂತ್ರದ ತಪ್ಪಲ್ಲ, ಮಾಲೀಕರ ತಪ್ಪು. ಯಂತ್ರವನ್ನು ಬೇಡವೆಂದರೆ ಸೊಂಟ ಉಳಿಯುವುದಿಲ್ಲವಲ್ಲ?

ಹಳೇ ಹಮಾಲಿ

ಯಂತ್ರವನ್ನು ನಾನು ಬೇಡವೆನ್ನಲಿಲ್ಲ. ಯಂತ್ರ ತರುವವರು ಮಾಲೀಕರೇ ಆದ್ದರಿಂದ ಇವೆರಡು ತಪ್ಪುಗಳನ್ನು ನಾವು ಬೇರೆ ಬೇರೆ ಮಾಡಿ ನೋಡಲಾಗುವುದಿಲ್ಲ, ನಿಮಗೆ ಪಾಠದ ಕೋಣೆಯಲ್ಲಿ ಅದು ಸಾಧ್ಯವಾಗಬಹುದು.

ಕೀಲುಮೂಳೆ

ಇಲ್ಲಿ ಒಂದು ಆಧಾರ ಕೊಡುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ವಯಸ್ಕ ಪುರುಷ ಒಬ್ಬನೇ ಹೊರುವ ಭಾರಕ್ಕೆ 55 ಕೆ.ಜಿ. ಎಂಬ ಮಿತಿಯನ್ನು ಹೇಳಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎಲ್ಲವೂ ಅನುಕೂಲಕರವಾಗಿದ್ದಾಗಲೂ ಎರಡೂ ಕೈಯಿಂದ ಎತ್ತಬಹುದಾದದ್ದು 23 ಕೆ.ಜಿ. ಮಾತ್ರ. ನಮ್ಮ ಚೀಲ ಈಗಾಗಲೇ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಯಂತ್ರದ ನೆರವನ್ನು ಚೀಲದ ತೂಕದಿಂದ ಕಳೆಯಕೂಡದು. ಅದು ಹಳೆಯ ಸಾಲ ತೀರಿಸುವುದಕ್ಕೇ ಸರಿಹೋಗುತ್ತದೆ.

ಮೆಣಸಿನ ತೊಟ್ಟು

ಒಂದು ಪ್ರಶ್ನೆ. ನಾವು ಹೆಂಗಸರು ನೆಲದಲ್ಲಿ ಕುಳಿತು ಮೆಣಸಿನಕಾಯಿ ಬಿಡಿಸುತ್ತೇವೆ, ತುಂಬಿದ ಬುಟ್ಟಿಯನ್ನು ದಿನವಿಡೀ ಎತ್ತಿಡುತ್ತೇವೆ. ಎದೆಗೆ ಅಡ್ಡ ಬಿಗಿಯುವ ಈ ಪಟ್ಟಿ ಯಾರ ಮೈಗೆ ಅಳತೆ ಮಾಡಿದ್ದು? ವಿಡಿಯೊದಲ್ಲಿ ಒಬ್ಬ ಹೆಂಗಸನ್ನಾದರೂ ಕಂಡಿರಾ?

ಗೋದಾಮಿನ ಲೆಕ್ಕಿಗ

ಕಾಣಲಿಲ್ಲ ಅಕ್ಕಾ. ಕೇಳುತ್ತೇನೆ.

ಕಡತದವನು

ಇನ್ನೊಂದು ಎಚ್ಚರಿಕೆ. ಮೋಟಾರಿನ ಕೆಲವು ಪಟ್ಟಿಗಳು ಅಂತರ್ಜಾಲಕ್ಕೆ ಜೋಡಣೆಯಾಗಿದ್ದು, ತೊಟ್ಟವನು ಎಷ್ಟು ಬಾರಿ ಬಾಗಿದ, ಎಷ್ಟು ಹೊತ್ತು ನಿಂತ ಎಂಬುದನ್ನೆಲ್ಲ ದಾಖಲಿಸುತ್ತವೆ. ಗಾಯ ತಪ್ಪಿಸಲು ಈ ಮಾಹಿತಿ ಉಪಯುಕ್ತ. ಮೂತ್ರಕ್ಕೆ ಹೋದ ಹತ್ತು ನಿಮಿಷದ ಕೂಲಿ ಕತ್ತರಿಸಲೂ ಅಷ್ಟೇ ಉಪಯುಕ್ತ. ಆ ದಾಖಲೆಯನ್ನು ಯಾರು ನೋಡುತ್ತಾರೆ ಎಂಬುದು ಕಾಗದದಲ್ಲಿ ಬರಬೇಕು.

ಗೋದಾಮಿನ ಲೆಕ್ಕಿಗ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಾರುವವರು ಪ್ರದರ್ಶನಕ್ಕಾಗಿ ಎರಡು ಪಟ್ಟಿ ತಂದಿದ್ದರು. ಹಿರಿಯರ ಮಾತನ್ನು ನೆನೆದು, ಹೊರುವವರಿಗೆ ಕಟ್ಟಬೇಡಿ, ಎತ್ತಿಕೊಡುವವರಿಗೆ ಕಟ್ಟಿ ಎಂದೆ. ಬಂದ ಎಂಜಿನಿಯರ್ ಹುಡುಗ ಹತ್ತು ನಿಮಿಷ ನಮ್ಮವರ ಕೆಲಸ ನೋಡಿ, ಇವರು ಹೀಗೆ ಹೊರುತ್ತಾರೆಂದು ತನಗೆ ಯಾರೂ ಹೇಳಿರಲಿಲ್ಲ ಎಂದ.

ಎತ್ತಿಕೊಟ್ಟವರಿಬ್ಬರೂ ಏಳುವಾಗ ಸೊಂಟ ಹಗುರವಾಗುತ್ತದೆ ಎಂದು ಒಪ್ಪಿದರು. ಒಬ್ಬನಂತೂ ನಗುತ್ತಿದ್ದ. ಆದರೆ ಜಾರಿಬಿದ್ದ ಚೀಲವನ್ನು ಹಿಡಿಯಲು ಥಟ್ಟನೆ ಬಾಗಿದಾಗ ಮೋಟಾರು ಎದುರು ಎಳೆದು ಅವನು ಮುಗ್ಗರಿಸಿದ. ನಲವತ್ತು ನಿಮಿಷಕ್ಕೆ ಇಬ್ಬರ ಅಂಗಿಯೂ ಹಿಂಡುವಷ್ಟು ಒದ್ದೆಯಾಗಿತ್ತು. ಕೊಂಡಿಗಳನ್ನು ಒಬ್ಬನೇ ಬಿಚ್ಚಿಕೊಳ್ಳಬಹುದು, ಹವಾಲ್ದಾರರೇ, ಅದನ್ನು ಮೊದಲೇ ನೋಡಿದೆ. ಹೆಂಗಸರ ಅಳತೆಯದು ಸದ್ಯ ಇಲ್ಲ ಎಂದರು. ರಿಪೇರಿಗೆ ಪುಣೆಗೆ ಕಳಿಸಬೇಕಂತೆ.

ಮಾಲೀಕರು ಎರಡು ಪಟ್ಟಿಯನ್ನು ಮೂರು ತಿಂಗಳು ಬಾಡಿಗೆಗೆ ತರಲು ಒಪ್ಪಿದ್ದಾರೆ. ಆ ಮೂರು ತಿಂಗಳು ಲಾರಿಗೆ ಆರು ಜನರೇ ಇರುತ್ತಾರೆ, ಚೀಲ ಐವತ್ತು ಕೆ.ಜಿ. ದಾಟುವುದಿಲ್ಲ ಎಂದು ಬರೆದುಕೊಡುವುದಾಗಿಯೂ ಹೇಳಿದ್ದಾರೆ. ದಾಖಲೆಯ ಮಾತಿಗೆ ಮಾತ್ರ ಉತ್ತರ ಬರಲಿಲ್ಲ. ನಾಳೆ ಕಾಗದ ಸಿದ್ಧವಾಗುತ್ತದೆ, ಏನಾದರೂ ಬಿಟ್ಟುಹೋಗಿದ್ದರೆ ಇವತ್ತೇ ಹೇಳಿ.

ಬೆಳ್ಳಿತೆರೆ

ಮುಗ್ಗರಿಸಿದವನಿಗೆ ಪೆಟ್ಟಾಯಿತೇ? ಆ ಬಗ್ಗೆಯೂ ಬರೆಸಿ. ಯಂತ್ರದಿಂದ ಬಿದ್ದರೆ ಚಿಕಿತ್ಸೆಯ ಖರ್ಚು ಬಾಡಿಗೆಗೆ ಕೊಟ್ಟವರದೋ, ಮಾಲೀಕರದೋ?

ಗೋದಾಮಿನ ಲೆಕ್ಕಿಗ

ಮೊಣಕೈ ತರಚಿತು, ಅಷ್ಟೇ. ಈ ಮಾತು ಬಿಟ್ಟೇ ಹೋಗಿತ್ತು, ಸೇರಿಸುತ್ತೇನೆ.

ಹಳೇ ಹಮಾಲಿ

ಪಟ್ಟಿ ಬಿಗಿಯುವುದು, ಬಿಚ್ಚುವುದು, ಬ್ಯಾಟರಿ ಬದಲಿಸುವುದು ಎಲ್ಲ ಸೇರಿ ದಿನಕ್ಕೆ ಅರ್ಧ ಗಂಟೆಯಾದರೂ ಆಗುತ್ತದೆ. ಚೀಲದ ಲೆಕ್ಕದ ಕೂಲಿಯಲ್ಲಿ ಆ ಅರ್ಧ ಗಂಟೆ ಸೊನ್ನೆ. ಅದಕ್ಕೆ ಎಷ್ಟು ಚೀಲದ ಕೂಲಿ ಎಂದು ಮೊದಲು ಬರೆಸಪ್ಪಾ.